ಸೇತುವೆ ದಾಟಿದರೆ ತಗ್ಗುವ ದನಿ

ಹೋದ ಬೇಸಿಗೆಯಲ್ಲಿ ಅಮ್ಮ ತಿಪಟೂರಿನಿಂದ ಕೆನಡಾದ ವಿನಿಪೆಗ್‌ಗೆ ಬಂದಿದ್ದಳು. ಬಂದ ಮೂರನೇ ದಿನ ಇಬ್ಬರೂ ದಿನಸಿ ತರಲು ಹೋದೆವು. ನಾನು ಹಾಲು ಮೊಸರಿನ ಕಡೆ ನಿಂತಿದ್ದೆ, ಅಮ್ಮ ಎರಡು ಸಾಲು ಆಚೆ ಇದ್ದಳು. ಅಲ್ಲಿಂದಲೇ ಕೂಗಿದಳು: "ಏ, ಬಾರೇ ಇಲ್ಲಿ! ಹುಣಸೆಹಣ್ಣು ಇಟ್ಟಿದಾರೆ!" ಸಂತೆಯಲ್ಲಿ ಕೂಗುವ ದನಿ ಅದು. ಜನಜಂಗುಳಿ ದಾಟಿ ಕಿವಿಗೆ ಬೀಳಬೇಕಲ್ಲ, ಆ ಥರದ್ದು. ಇಬ್ಬರೋ ಮೂವರೋ ತಿರುಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಾಗಲಿ ತಾತ್ಸಾರವಾಗಲಿ ಇರಲಿಲ್ಲ, ಸದ್ದು ಕೇಳಿದರೆ ಯಾರೇ ಆದರೂ ತಿರುಗುವ ಹಾಗೆ ತಿರುಗಿದರು, ಅಷ್ಟೆ. ಆದರೂ ನಾನು ಗಾಡಿ ತಳ್ಳಿಕೊಂಡು ಬಿರಬಿರನೆ ಹೋಗಿ, ಅವಳ ಮೊಣಕೈ ಹಿಡಿದು, "ಮೆಲ್ಲಗೆ ಮಾತಾಡಮ್ಮ" ಅಂದೆ. ಅಮ್ಮ ಸುತ್ತ ಒಮ್ಮೆ ಕಣ್ಣಾಡಿಸಿದಳು. "ಯಾಕೆ, ಯಾರಾದ್ರೂ ಮಲಗಿದಾರಾ?" ಅಂದಳು. ಅದು ಚುಚ್ಚಿ ಆಡಿದ ಮಾತಲ್ಲ. ಕಾರಣ ಏನೆಂದು ತಿಳಿಯದೆ ನಿಜವಾಗಿಯೂ ಕೇಳಿದ ಪ್ರಶ್ನೆ.

ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಅಂಗಡಿಯಲ್ಲಿ ಇದ್ದಷ್ಟು ಹೊತ್ತೂ ಅಮ್ಮ ಪಿಸುಗುಟ್ಟಿಕೊಂಡೇ ಮಾತಾಡಿದಳು. ಈರುಳ್ಳಿ ಬೆಲೆ ಕೇಳಿದ್ದೂ ಪಿಸುಮಾತಿನಲ್ಲೇ. ದುಡ್ಡು ಕೊಡುವ ಸಾಲಿನಲ್ಲಿ ನಿಂತಾಗ ಅವಳು ಏನೂ ಮಾತಾಡಲಿಲ್ಲ. ಅವಳು ಊರಿಗೆ ವಾಪಸಾಗಿ ತಿಂಗಳುಗಳೇ ಕಳೆದಿವೆ, ಆದರೆ ಆ ಪಿಸುಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ಬಿಡದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅಂಗಡಿಯಲ್ಲಿ ಒಬ್ಬ ತಾಯಿ, ಒಬ್ಬಳು ಮಗಳು, ತಗ್ಗಿಸಿದ ದನಿ: ಇದೇ ದೃಶ್ಯವನ್ನು ನಾನು ಅದಾಗಲೇ ಒಂದು ಪುಸ್ತಕದಲ್ಲಿ ಓದಿದ್ದೆ. ಓದಿ ಕಣ್ಣೊರೆಸಿಕೊಂಡಿದ್ದೆ. ಆ ಪುಸ್ತಕದ ತಾಯಿ ಮಗಳು ನಡೆದಾಡಿದ್ದೂ ಇದೇ ಊರಿನಲ್ಲಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಅಷ್ಟು ಓದಿಯೂ ನಾನು ಅಮ್ಮನಿಗೆ ಹಾಗಂದೆ.

ಆ ಮಗಳ ಹೆಸರು ಗಾಬ್ರಿಯೆಲ್ ರುವಾ, ಫ್ರೆಂಚಿನಲ್ಲಿ ಬರೆದ ಕೆನಡಾದ ಲೇಖಕಿ. ಇಂಗ್ಲಿಷಿನ ಬಾಯಲ್ಲಿ 'ರಾಯ್' ಆಗುತ್ತದೆ. ಪುಸ್ತಕದ ಅಂಗಡಿಯಲ್ಲಿ ನಾನೂ ಮೊದಲು ರಾಯ್ ಎಂದೇ ಕೇಳಿದ್ದೆ. ಸ್ಯಾಂ-ಬೊನಿಫಾಸ್‌ನಲ್ಲಿ ಸಂಜೆ ಹೊತ್ತು ಫ್ರೆಂಚ್ ಕಲಿಯಲು ಹೋಗುತ್ತಿದ್ದಾಗ ಪಾಠ ಹೇಳುತ್ತಿದ್ದ ಅಜ್ಜಿಯೊಬ್ಬರು, "ನಮ್ಮವಳ ಹೆಸರನ್ನ ನೀನಾದರೂ ಸರಿಯಾಗಿ ಹೇಳು" ಎಂದು ತಿದ್ದಿದರು. ಅಂದಿನಿಂದ ರುವಾ ಎಂದೇ ಹೇಳುತ್ತೇನೆ.

ಆ ಟ್ರಾಮು

ವಿನಿಪೆಗ್ ನಗರಕ್ಕೂ ಸ್ಯಾಂ-ಬೊನಿಫಾಸ್‌ಗೂ ನಡುವೆ ಹರಿಯುವುದು ರೆಡ್ ನದಿ. ಈಗ ಎರಡೂ ಒಂದೇ ಊರು, 1972ರಲ್ಲಿ ಸೇರಿಸಿಬಿಟ್ಟರು. ಪ್ರೊವಾಂಶೆ ಸೇತುವೆಯ ಪಕ್ಕದಲ್ಲಿ ಪಾದಚಾರಿಗಳಿಗೆಂದೇ ಇನ್ನೊಂದು ಚೆಂದದ ಸೇತುವೆ ಕಟ್ಟಿದ್ದಾರೆ. ಅದಕ್ಕೆ, ಹಿಂದೆ ಇಲ್ಲಿನ ಜನರ ಹಕ್ಕಿಗಾಗಿ ಹೋರಾಡಿದ ಲೂಯಿ ರಿಯೆಲ್‌ನ ಹೆಸರು. ಭಾನುವಾರ ಜನ ಅದರ ಮೇಲೆ ಮಕ್ಕಳನ್ನು ಕರೆದುಕೊಂಡು ಅಡ್ಡಾಡುತ್ತಾರೆ. 1910ರ ದಶಕದಲ್ಲಿ ಆ ನದಿ ಒಂದು ಗಡಿಯೇ ಆಗಿತ್ತು. ಈಚೆ, ಸ್ಯಾಂ-ಬೊನಿಫಾಸ್ ದಡದ ಇಗರ್ಜಿ, ಶಾಲೆ, ಬೀದಿಯ ಹೆಸರು, ಮನೆಯ ಜಗಳ, ಎಲ್ಲವೂ ಫ್ರೆಂಚ್. ಆಚೆ ದಡದಲ್ಲಿ ದೊಡ್ಡ ಅಂಗಡಿಗಳು, ಸರ್ಕಾರಿ ಕಚೇರಿಗಳು, ದುಡ್ಡು. ಅವೆಲ್ಲ ಇಂಗ್ಲಿಷ್.

ರುವಾ ಬರೆದ ಆತ್ಮಕಥೆ, 'ಲಾ ದೆತ್ರೆಸ್ ಎ ಲಾಂಶಾಂತ್‌ಮಾಂ', ಶುರುವಾಗುವುದು ಒಂದು ಪ್ರಶ್ನೆಯಿಂದ. ನನ್ನ ಸ್ವಂತ ನಾಡಿನಲ್ಲೇ ನಾನು ಕೀಳಾಗಿ ಕಾಣಲ್ಪಡಬೇಕಾದ ಜಾತಿಯವಳು ಎಂಬ ಅರಿವು ನನಗೆ ಮೊದಲು ಬಂದದ್ದು ಯಾವಾಗ ಎಂದು ಆಕೆ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಉತ್ತರವಾಗಿ ಆಕೆಗೆ ನೆನಪಾಗುವುದು ಅಮ್ಮನ ಜೊತೆ ಟ್ರಾಮಿನಲ್ಲಿ ಕೂತು ಸೇತುವೆ ದಾಟಿ ಈಟನ್ಸ್ ಅಂಗಡಿಗೆ ಸಾಮಾನು ತರಲು ಹೋಗುತ್ತಿದ್ದ ದಿನಗಳು. ಮನೆಯಿಂದ ಹೊರಡುವಾಗ ಇಬ್ಬರಿಗೂ ಹಬ್ಬದ ಸಡಗರ. ಅಮ್ಮ ದಾರಿಯುದ್ದಕ್ಕೂ ಕಥೆ ಹೇಳುತ್ತಾಳೆ. ಸೇತುವೆ ದಾಟಿದ ಮೇಲೆ, ಯಾರೂ ಏನೂ ಹೇಳದಿದ್ದರೂ, ಇಬ್ಬರೂ ಪರದೇಶಿಗಳಾಗುತ್ತಾರೆ. ತಮ್ಮ ಮಾತು ಕೇಳಿ ಯಾರಾದರೂ ತಿರುಗಿದರೆ ಹುಡುಗಿಗೆ ಮೈಯೆಲ್ಲ ಮುದುಡುತ್ತದೆ, ದನಿ ತಾನಾಗಿ ತಗ್ಗುತ್ತದೆ.

ತಾಯಿ ಮೆಲಿನಾಳಿಗೆ ಅಂಗಡಿಯಲ್ಲಿ ಎರಡು ಬಗೆಯ ದಿನಗಳಿದ್ದವಂತೆ. ಮನಸ್ಸು ಗಟ್ಟಿಯಿದ್ದ ದಿನ ಆಕೆ ತಲೆ ಎತ್ತಿಕೊಂಡು ಒಳಗೆ ಹೋಗಿ, ಫ್ರೆಂಚ್ ಬಲ್ಲ ಮಾರಾಟದವರನ್ನು ಕರೆಸಿ ಎಂದು ಕೇಳುವಳು. ಕರೆಸಿದರೆ ಗೆದ್ದ ಹಾಗೆ, ಆ ದಿನವೆಲ್ಲ ಆಕೆಯ ನಡಿಗೆಯೇ ಬೇರೆ. ದಣಿದ ದಿನ, ಮನೆಯ ಚಿಂತೆ ತಲೆ ತುಂಬಿದ ದಿನ, ಜಗಳಕ್ಕೆ ತ್ರಾಣವಿಲ್ಲದೆ ಕೈಸನ್ನೆ ಮಾಡಿ, ಗೊತ್ತಿದ್ದ ನಾಲ್ಕು ಇಂಗ್ಲಿಷ್ ಪದ ಜೋಡಿಸಿ ತಿಣುಕುವಳು. ಮಾರುವ ಹುಡುಗಿಗೆ ಅರ್ಥವಾಗದೆ ಇನ್ನೊಬ್ಬಳನ್ನು ಕರೆಯುವಳು, ಅವಳು ಮತ್ತೊಬ್ಬಳನ್ನು. ಸುತ್ತ ಜನ ಸೇರಿದಂತೆ ಮೆಲಿನಾ ಅಲ್ಲಿಂದ ಕಾಲು ಕೀಳುವಳು, ಹಿಂದೆ ಹಿಂದೆ ಮಗಳು. ಆ ಈಟನ್ಸ್ ಕಟ್ಟಡ ಈಗಿಲ್ಲ. ಅದನ್ನು ಕೆಡವಿ ಆ ಜಾಗದಲ್ಲಿ ಐಸ್-ಹಾಕಿ ಆಟದ ದೊಡ್ಡ ಕ್ರೀಡಾಂಗಣ ಕಟ್ಟಿದ್ದಾರೆ. ಪಂದ್ಯವಿದ್ದ ರಾತ್ರಿ ಅಲ್ಲಿಂದ ಹೊಮ್ಮುವ ಗದ್ದಲ ಬೀದಿಯಾಚೆಗೂ ಕೇಳುತ್ತದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಮೆಲಿನಾ ನೆನಪಾಗುತ್ತಾಳೆ.

ಇದನ್ನು ಬರೆಯುವ ಹೊತ್ತಿಗೆ ರುವಾಗೆ ಹತ್ತಿರ ಹತ್ತಿರ ಎಪ್ಪತ್ತು. ಕೆನಡಾದ ಫ್ರೆಂಚ್ ಸಾಹಿತ್ಯದ ಬಹುತೇಕ ದೊಡ್ಡ ಗೌರವಗಳೆಲ್ಲ ಬಂದಾಗಿತ್ತು. ಅಷ್ಟಿದ್ದೂ ಇಡೀ ಬದುಕಿನ ಕಥೆ ಹೇಳಲು ಕೂತಾಗ ಆಕೆ ಮೊದಲು ಎತ್ತಿಕೊಂಡದ್ದು ಪ್ರಶಸ್ತಿಯನ್ನಲ್ಲ, ಹುಟ್ಟಿದ ದಿನವನ್ನೂ ಅಲ್ಲ, ಅಂಗಡಿಯಲ್ಲಿ ಕಂಗೆಟ್ಟು ನಿಂತ ತಾಯಿಯನ್ನು.

ದೆಶಾಂಬೊ ಬೀದಿಯ ಮನೆ

ಆಕೆ ಹುಟ್ಟಿದ್ದು 1909ರ ಮಾರ್ಚ್ 22ರಂದು, ದೆಶಾಂಬೊ ಬೀದಿಯ ಹಳದಿ ಮನೆಯಲ್ಲಿ. ಹನ್ನೊಂದು ಹೆರಿಗೆಗಳಲ್ಲಿ ಕೊನೆಯವಳು. ಅಪ್ಪ ಲೆಯೋಂ ರುವಾಗೆ ಆಗ ಐವತ್ತೊಂಬತ್ತು ವರ್ಷ ತುಂಬುತ್ತಿತ್ತು. ಆತ ಕೇಂದ್ರ ಸರ್ಕಾರದ ವಲಸೆ ಇಲಾಖೆಯಲ್ಲಿ ಕೆಲಸಕ್ಕಿದ್ದ. ಉಕ್ರೇನ್ ಕಡೆಯಿಂದ, ರಷ್ಯಾದಿಂದ ಹಡಗು ಹತ್ತಿ ಬಂದ ರೈತರನ್ನು ವಿನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯ, ಪಕ್ಕದ ಸಸ್ಕ್ಯಾಚವನ್ ಪ್ರಾಂತ್ಯಗಳ ಬಯಲುಗಳಿಗೆ ಕರೆದೊಯ್ದು ನೆಲೆ ಕಾಣಿಸುವುದು ಆತನ ಕೆಲಸ. ತಿಂಗಳುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. 1915ರಲ್ಲಿ, ನಿವೃತ್ತಿವೇತನ ಕೈಗೆ ಬರಲು ಇನ್ನು ಕೆಲವೇ ಕಾಲ ಇರುವಾಗ, ಕೆಲಸದಿಂದ ತೆಗೆದರು. ಸರ್ಕಾರ ಬದಲಾಗಿತ್ತು, ಆತ ಹಳೆಯ ಪಕ್ಷದ ಕಡೆಯವನು. ಅಲ್ಲಿಂದ ಆ ಮನೆಯಲ್ಲಿ ದುಡ್ಡಿನ ಲೆಕ್ಕ ನಿಲ್ಲಲೇ ಇಲ್ಲ. ಮೆಲಿನಾ ಕೋಣೆಗಳನ್ನು ಬಾಡಿಗೆಗೆ ಕೊಟ್ಟಳು, ಬಟ್ಟೆ ಹೊಲಿದಳು, ಒಂದನ್ನು ಬಿಚ್ಚಿ ಇನ್ನೊಂದು ಮಾಡಿದಳು.

ಮರುವರ್ಷ, 1916ರಲ್ಲಿ, ಮ್ಯಾನಿಟೋಬಾ ಸರ್ಕಾರ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದನ್ನು ಕಾನೂನಿನಿಂದಲೇ ನಿಲ್ಲಿಸಿತು. ಪುಟ್ಟ ಗಾಬ್ರಿಯೆಲ್ ಶಾಲೆಗೆ ಸೇರಿ ಆಗಿನ್ನೂ ಒಂದು ವರ್ಷ. ಸನ್ಯಾಸಿನಿಯರು ನಡೆಸುತ್ತಿದ್ದ ಆ ಶಾಲೆಯಲ್ಲಿ ಫ್ರೆಂಚ್ ಪಾಠ ನಿಲ್ಲಲಿಲ್ಲ, ಮರೆಗೆ ಸರಿಯಿತು. ಇನ್‌ಸ್ಪೆಕ್ಟರ್ ಬರುವ ಸುದ್ದಿ ಬಂದರೆ ಫ್ರೆಂಚ್ ಪುಸ್ತಕಗಳು ಕಣ್ಮರೆ, ಇಂಗ್ಲಿಷ್ ಪುಸ್ತಕಗಳು ಮೇಜಿನ ಮೇಲೆ. ತನ್ನ ಮನೆಮಾತನ್ನು ಬಚ್ಚಿಡಬೇಕಾದ ವಸ್ತುವೆಂದು ಏಳನೇ ವಯಸ್ಸಿಗೆ ಕಲಿತ ಮಗುವಿಗೆ ಆ ಮಾತಿನ ಮೇಲೆ ಎಂಥ ಪ್ರೀತಿ ಹುಟ್ಟಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕದ್ದು ತಿಂದ ಹಣ್ಣಿನ ಪ್ರೀತಿ ಒಂದು ಪಾಲು. ಇನ್ನೊಂದು ಪಾಲು, ಎಲ್ಲಿ ಸಿಕ್ಕಿಬೀಳುತ್ತೇನೋ ಎಂಬ ಭಯ. ಆಕೆಯ ಬರಹದಲ್ಲಿ ಇವೆರಡೂ ಕೊನೆಯವರೆಗೆ ಜೊತೆಜೊತೆಗೇ ಇವೆ.

ನನಗೆ ಬಂದದ್ದು ಅಂಥ ಕಷ್ಟವಲ್ಲ. ನಾನು ಹೊಟ್ಟೆಪಾಡಿಗೆಂದು ಇಷ್ಟಪಟ್ಟು ಬಂದವಳು, ನನ್ನ ಭಾಷೆಗೆ ಅದರದೇ ನಾಡಿದೆ, ಶಾಲೆಯಿದೆ, ಪತ್ರಿಕೆಯಿದೆ. ರುವಾ ಹುಟ್ಟಿದ ಮನೆಯಲ್ಲೇ ಪರಕೀಯಳಾದವಳು. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ತಪ್ಪು. ಆದರೂ ದನಿ ತಗ್ಗಿಸುವ ಆ ಒಂದು ಗಳಿಗೆಯಲ್ಲಿ ಗಂಟಲಿಗೆ ಆಗುವುದು ಅದೇ ಏನೋ ಎಂದು ನನಗನ್ನಿಸುತ್ತದೆ.

ನೀಲ್‌ನ ಹಾಡು

1929ರಲ್ಲಿ ಅಪ್ಪ ತೀರಿಕೊಂಡರು, ಅದೇ ವರ್ಷ ಆಕೆ ಟೀಚರ್ ಆದಳು. ಮೊದಲು ಹಳ್ಳಿಯ ಶಾಲೆಗಳು, ಆಮೇಲೆ 1930ರಿಂದ ಏಳು ವರ್ಷ ಸ್ಯಾಂ-ಬೊನಿಫಾಸ್‌ನ ಹುಡುಗರ ಶಾಲೆಯಲ್ಲಿ ಒಂದನೇ ತರಗತಿ. ಬೆಂಚಿನ ತುಂಬ ವಲಸಿಗರ ಮಕ್ಕಳು: ಇಟಲಿಯವರು, ಉಕ್ರೇನಿನವರು, ಪೋಲೆಂಡಿನವರು. ತನ್ನ ಭಾಷೆಯನ್ನು ಬಚ್ಚಿಟ್ಟು ಬೆಳೆದ ಹುಡುಗಿ ಈಗ ಅಂಥದೇ ಬೇರೆ ಬೇರೆ ಭಾಷೆಗಳ ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕು. ಈ ವರ್ಷಗಳು ಹಣ್ಣಾಗಿ ಪುಸ್ತಕವಾದದ್ದು ನಲವತ್ತು ವರ್ಷದ ಮೇಲೆ, 1977ರಲ್ಲಿ. 'ನನ್ನ ಬದುಕಿನ ಈ ಮಕ್ಕಳು' ಎಂದು ಅದರ ಹೆಸರಿನ ಅರ್ಥ. ರುವಾಳ ಯಾವ ಪುಸ್ತಕದಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಕೈಗಿಡುವುದು.

ಅದರಲ್ಲಿ ನೀಲ್ ಎಂಬ ಉಕ್ರೇನಿನ ಹುಡುಗನ ಕಥೆಯಿದೆ. ಪಾಠದಲ್ಲಿ ಹಾಗೆ ಹೀಗೆ, ಆದರೆ ಬಾಯಿ ತೆರೆದು ಹಾಡಿದನೆಂದರೆ ಇಡೀ ತರಗತಿ ಸ್ತಬ್ಧ. ಅವನ ಅಮ್ಮ ಕಲಿಸಿದ ಹಾಡುಗಳು, ಎಲ್ಲ ಉಕ್ರೇನಿಯನ್ ಭಾಷೆಯವು. ಆ ದಿನಗಳಲ್ಲಿ ಟೀಚರ್‌ನ ತಾಯಿ ಬಿದ್ದು ಮೂಳೆ ಮುರಿದುಕೊಂಡು ಕುರ್ಚಿ ಹಿಡಿದಿದ್ದಾಳೆ. ಮೂಳೆ ಕೂಡಿದ್ದರೂ ಎದ್ದು ನಡೆಯುವ ಮನಸ್ಸೇ ಇಲ್ಲ, ಬದುಕಿನ ಮೇಲಿನ ಆಸೆಯೇ ಹೋಗಿದೆ. ಟೀಚರ್ ಹುಡುಗನನ್ನು ಮನೆಗೆ ಕರೆದುಕೊಂಡು ಬಂದು ಹಾಡಿಸುತ್ತಾಳೆ. ಆ ಮನೆಯಲ್ಲಿ ಯಾರಿಗೂ ಆ ಹಾಡಿನ ಒಂದು ಪದವೂ ತಿಳಿಯದು. ಹಾಡು ಮುಂದುವರಿದ ಹಾಗೆ ಮುದುಕಿಯ ಮುಖ ಬದಲಾಗುತ್ತದೆ. ಕೊನೆಗೆ ಆಕೆ ಕುರ್ಚಿಯ ಕೈ ಹಿಡಿದು ಎದ್ದು ಹೆಜ್ಜೆ ಇಡುತ್ತಾಳೆ. ಇದನ್ನು ಬರೇ ಪವಾಡದ ಕಥೆಯಾಗಿ ಬರೆದಿದ್ದರೆ ನಾನು ಮರೆತುಬಿಡುತ್ತಿದ್ದೆ. ರುವಾ ಬರೆಯುವುದು ಹುಡುಗನ ಸಂಕೋಚವನ್ನು, ಅವನಿಗೆ ತಾನು ಏನು ಕೊಡುತ್ತಿದ್ದೇನೆಂಬ ಅರಿವೇ ಇಲ್ಲದ್ದನ್ನು, ಮುದುಕಿ ಕಣ್ಣು ಮುಚ್ಚಿ ಯಾವುದೋ ದೂರದ ಊರಿಗೆ ಹೋಗಿಬಂದದ್ದನ್ನು. ಸರ್ಕಾರದ ಪ್ರಕಾರ ಅವನ ಬಾಯಿಂದ ಅಳಿಸಬೇಕಾಗಿದ್ದ ಭಾಷೆ ಅದು, ಮತ್ತು ಅಳಿಸುವ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದವಳು ತಾನೇ. ಇದನ್ನು ಆಕೆ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಡಿಸುತ್ತಾಳೆ.

ಎಸೆಕ್ಸ್‌ನ ಒಂದು ಬೆಳಿಗ್ಗೆ

1937ರಲ್ಲಿ, ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಕೂಡಿಟ್ಟ ಸಂಬಳ ಹಿಡಿದುಕೊಂಡು ಆಕೆ ಯುರೋಪಿಗೆ ಹೊರಟಳು. ನಟಿಯಾಗುವ ಆಸೆ ಇತ್ತು. ಸ್ಯಾಂ-ಬೊನಿಫಾಸ್‌ನ ಫ್ರೆಂಚ್ ನಾಟಕ ತಂಡ ಸೆರ್ಕ್ಲ್ ಮೊಲಿಯೇರ್‌ನಲ್ಲಿ ಪಾತ್ರ ಮಾಡಿ ಹೆಸರು ಪಡೆದಿದ್ದಳು. ಲಂಡನ್ನಿನಲ್ಲಿ ನಾಟಕದ ಶಾಲೆ ಸೇರಿದಳು, ಅದು ಹಿಡಿಸಲಿಲ್ಲ. ಊರವರಿಗೆ ಇದು ಅರ್ಥವಾಗಲಿಲ್ಲ. ಕಾಯಂ ಕೆಲಸ, ವಯಸ್ಸಾದ ತಾಯಿ, ಕಾಯಿಲೆಯ ಒಬ್ಬ ಅಕ್ಕ, ಇವೆಲ್ಲವನ್ನೂ ಬಿಟ್ಟು ಹೋಗುವವಳು ಎಂಥ ಮಗಳು? ಈ ಪ್ರಶ್ನೆ ಆಕೆಯನ್ನು ಬದುಕಿಡೀ ಬಿಡಲಿಲ್ಲ. ಅಕ್ಕಂದಿರಲ್ಲೊಬ್ಬರು ದಶಕಗಳ ನಂತರ ಆಕೆಯ ಮೇಲೆ ಕಹಿಯಾದ ಪುಸ್ತಕವನ್ನೇ ಬರೆದರು.

ಲಂಡನ್ನಿನಲ್ಲಿ ಒಂದು ದಿನ, ಎಲ್ಲಿಗೆಂದು ನೋಡದೆ ಒಂದು ಗ್ರೀನ್ ಲೈನ್ ಬಸ್ಸು ಹತ್ತಿ ಕೂತಳಂತೆ. ಆ ಬಸ್ಸು ಎಪಿಂಗ್ ಕಾಡಿನ ಕಡೆ ಹೋಗುವುದು. ಕತ್ತಲಾಗುವ ಹೊತ್ತಿಗೆ ದಾರಿ ಅವಳನ್ನು ಅಪ್‌ಶೈರ್ ಎಂಬ ಹಳ್ಳಿಯಲ್ಲಿ ಎಸ್ತರ್ ಪರ್ಫೆಕ್ಟ್ ಎಂಬಾಕೆಯ ಮನೆಗೆ ತಂದುಬಿಟ್ಟಿತು. ಎಸ್ತರ್ ಮತ್ತು ಆಕೆಯ ಮುಪ್ಪಿನ ತಂದೆ ಇಬ್ಬರೇ ಇದ್ದ ಮನೆ. ಚಹಾ, ಹೂದೋಟ, ದೇವರ ಪ್ರಾರ್ಥನೆ. ರುವಾ ಅಲ್ಲಿ ದಿನಗಟ್ಟಲೆ ಉಳಿದಳು, ಮತ್ತೆ ಮತ್ತೆ ಬಂದಳು. ಅಲ್ಲೇ ಒಂದು ಬೆಳಿಗ್ಗೆ, ಹಾಸಿಗೆಯಲ್ಲಿ ಕೂತು ಬರೆಯತೊಡಗಿದಾಗ ಮಾತುಗಳು ತಾವಾಗಿ ಹರಿದುಬಂದವು, ಮತ್ತು ಬಂದದ್ದು ಫ್ರೆಂಚಿನಲ್ಲಿ. ಸುತ್ತ ಇಂಗ್ಲೆಂಡ್, ಕಿಟಕಿಯಾಚೆ ಇಂಗ್ಲಿಷ್ ದಿಬ್ಬಗಳು, ಪ್ರೀತಿಯಿಂದ ತಿಂಡಿ ತಂದುಕೊಟ್ಟವರು ಇಂಗ್ಲಿಷರು. ಇಂಗ್ಲಿಷ್ ಆಕೆಗೆ ಚೆನ್ನಾಗಿಯೇ ಬರುತ್ತಿತ್ತು, ಅದರಲ್ಲಿ ಬರೆಯುವ ಯೋಚನೆಯೂ ಇತ್ತು. ಆದರೆ ಆ ಬೆಳಗ್ಗೆ ಆ ಪ್ರಶ್ನೆ ಮುಗಿಯಿತು. ಸೇತುವೆಯ ಆಚೆ ದಡದ ಜನರ ಮೇಲೆ ಆಕೆಗೆ ಹಗೆ ಇರಲಿಲ್ಲ ಎಂಬುದು ಇದರಿಂದ ನನಗೆ ತಿಳಿದದ್ದು. ತನ್ನ ಭಾಷೆಯನ್ನು ಆಕೆ ಮತ್ತೆ ಕಂಡುಕೊಂಡದ್ದು ಇಂಗ್ಲಿಷ್ ಆಡುವ ಮನೆಯೊಂದರ ಮಮತೆಯಲ್ಲೇ.

ಗುಡ್ಡದ ಮೇಲಿನ ಆಸ್ಪತ್ರೆ

1939ರಲ್ಲಿ ಯುದ್ಧದ ಮೋಡ ಕವಿದಾಗ ವಾಪಸು ಬಂದಳು. ಸ್ಯಾಂ-ಬೊನಿಫಾಸ್‌ನಲ್ಲಿ ತಾಯಿ ಕಾಯುತ್ತಿದ್ದಳು, ಟೀಚರ್ ಕೆಲಸವೂ ಇತ್ತು. ಆದರೆ ಆಕೆ ಕೆಬೆಕ್ ಪ್ರಾಂತ್ಯದ ಮಾಂಟ್ರಿಯಲ್‌ನಲ್ಲಿ ಇಳಿದು ಅಲ್ಲೇ ಉಳಿದುಬಿಟ್ಟಳು. ಬಾಡಿಗೆ ಕೋಣೆ, ಬಿಡಿ ಲೇಖನಗಳಿಂದ ಬರುವ ಪುಡಿಗಾಸು. ರೈತರ ಪತ್ರಿಕೆಯೊಂದು, 'ಬ್ಯುಲ್‌ತ್ಯಾಂ ದೆಜಾಗ್ರಿಕ್ಯುಲ್ತರ್', ಆಕೆಗೆ ಕೆಲಸ ಕೊಟ್ಟು ಊರೂರು ಸುತ್ತಿಸಿತು. ನಗರದ ಬಗ್ಗೆ ಬರೆಯಲು ಅಲೆಯುತ್ತ ಕಂಡದ್ದು ಸ್ಯಾಂತ್-ಆನ್ರಿ: ರೈಲು ಹಳಿಗಳು ಸೀಳಿಕೊಂಡು ಹೋಗುವ, ಕಾರ್ಖಾನೆಯ ಮಸಿ ಬೀಳುವ, ಕೆಲಸವಿಲ್ಲದ ಗಂಡಸರು ತುಂಬಿದ ಬಡವರ ಕೇರಿ. ತಲೆ ಎತ್ತಿದರೆ ಗುಡ್ಡದ ಮೇಲೆ ವೆಸ್ಟ್‌ಮೌಂಟ್, ಇಂಗ್ಲಿಷ್ ಸಿರಿವಂತರ ಮನೆಗಳು. ಮ್ಯಾನಿಟೋಬಾದಲ್ಲಿ ಫ್ರೆಂಚರು ಕಡಿಮೆ ಇದ್ದುದರಿಂದ ದನಿ ತಗ್ಗಿತ್ತು. ಇಲ್ಲಿ ಅವರೇ ಹೆಚ್ಚು, ಆದರೂ ತಗ್ಗಿನಲ್ಲಿ ಇದ್ದವರು ಅವರೇ.

1945ರಲ್ಲಿ ಬಂದ ಮೊದಲ ಕಾದಂಬರಿ 'ಬೊನೂರ್ ದೊಕಾಸಿಯೋಂ' ಈ ಕೇರಿಯದ್ದು. ಅಗ್ಗದ ಸಾಮಾನಿನ ಅಂಗಡಿಯೊಂದರ ತಿಂಡಿ ಕೌಂಟರಿನಲ್ಲಿ ದುಡಿಯುವ ಫ್ಲೊರಾಂತಿನ್ ಅದರ ನಾಯಕಿ ಎನ್ನುತ್ತಾರೆ. ನನಗೆ ಮಾತ್ರ ಅದು ಅವಳ ತಾಯಿ ರೋಜ್-ಆನಾಳ ಪುಸ್ತಕ. ತುಂಬು ಬಸುರಿ, ಬಗಲಲ್ಲಿ ಸಾಲು ಮಕ್ಕಳು, ಕನಸು ಕಾಣುವುದರಲ್ಲೇ ಕಾಲ ಕಳೆಯುವ ಗಂಡ. ಪ್ರತಿ ವಸಂತದಲ್ಲೂ ಇನ್ನೂ ಕಡಿಮೆ ಬಾಡಿಗೆಯ ಮನೆ ಹುಡುಕಿ ಬೀದಿ ಬೀದಿ ಅಲೆಯಬೇಕು. ಕೊನೆಗೆ ಸಿಗುವುದು ಹಳಿಯ ಪಕ್ಕದ ಮನೆ, ರೈಲು ಹೋದಾಗಲೆಲ್ಲ ನಡುಗುವ ಮನೆ.

ಅವಳ ಮಗ ದಾನಿಯೆಲ್‌ಗೆ ರಕ್ತದ ಕ್ಯಾನ್ಸರ್. ಅವನನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಸೇರಿಸುತ್ತಾರೆ. ರೋಜ್-ಆನಾ ಕೇರಿಯಿಂದ ಏರು ಹತ್ತಿ ಅವನನ್ನು ನೋಡಲು ಹೋಗುವ ಅಧ್ಯಾಯವನ್ನು ನಾನು ನಾಲ್ಕು ಸಲವಾದರೂ ಓದಿದ್ದೇನೆ. ಎಲ್ಲ ಬೆಳ್ಳಗೆ, ಎಲ್ಲ ಸ್ವಚ್ಛ. ಮನೆಯಲ್ಲಿ ಎಂದೂ ಸಿಗದಿದ್ದ ತನ್ನದೇ ಹಾಸಿಗೆ ಹುಡುಗನಿಗೆ ಇಲ್ಲಿ ಸಿಕ್ಕಿದೆ. ಜೆನಿ ಎಂಬ ನರ್ಸ್ ಅಂದರೆ ಅವನಿಗೆ ಪ್ರಾಣ. ಜೆನಿಗೆ ಫ್ರೆಂಚ್ ಬಾರದು, ಹುಡುಗನಿಗೆ ಇಂಗ್ಲಿಷ್ ಬಾರದು, ಆದರೂ ಇಬ್ಬರಿಗೂ ಎಲ್ಲ ಅರ್ಥವಾಗುತ್ತದೆ. ಅರ್ಥವಾಗದೆ ಹೊರಗುಳಿಯುವವಳು ತಾಯಿಯೊಬ್ಬಳೇ. ಅವಳಿಗೆ ಜೆನಿಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದು, ಅಷ್ಟು ಒಳ್ಳೆಯ ಹುಡುಗಿ. ಮಗನ ಮಂಚದ ಬಳಿ ಕೂತ ತಾಯಿ ತನ್ನ ಮಗುವಿಗೇ ಹೊರಗಿನವಳಾಗುವ ಈ ಗಳಿಗೆಯಲ್ಲಿ ಈಟನ್ಸ್ ಅಂಗಡಿಯ ಮೆಲಿನಾ ಇದ್ದಾಳೆ. ರುವಾ ಅಮ್ಮನನ್ನು ಬಿಟ್ಟುಬಂದಳು ಎಂದವರು ಈ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಬೇಕಿತ್ತು.

ಶೀರ್ಷಿಕೆಯ ಬಗ್ಗೆ ಒಂದು ಮಾತು. 'ಬೊನೂರ್' ಎಂದರೆ ಸುಖ. 'ಒಕಾಸಿಯೋಂ' ಎಂದರೆ ಅವಕಾಶ, ಸಂದರ್ಭ. ಸಾಮಾನಿಗೆ ಸೇರಿಸಿ ಹೇಳಿದರೆ ಸೆಕೆಂಡ್ ಹ್ಯಾಂಡ್. ಹಳೇ ಬಟ್ಟೆಯ ಹಾಗೆ ಯಾರೋ ಬಳಸಿ ಬಿಟ್ಟ ಸುಖ, ಸಿಕ್ಕಾಗ ಕೈಗೆತ್ತಿಕೊಂಡ ಸುಖ, ಎರಡೂ ಆ ಎರಡು ಪದದಲ್ಲಿವೆ. ಆ ಕೇರಿಗೆ ಸುಖ ಬರುವುದು ಯುದ್ಧದ ರೂಪದಲ್ಲಿ: ಗಂಡಸರು ಸೈನ್ಯಕ್ಕೆ ಸೇರಿದರೆ ಮನೆಗೆ ಸಂಬಳ. 1947ರ ಇಂಗ್ಲಿಷ್ ಅನುವಾದಕ್ಕೆ 'ದ ಟಿನ್ ಫ್ಲೂಟ್' ಎಂದು ಹೆಸರಿಟ್ಟರು. ದಾನಿಯೆಲ್ ಆಸೆಪಟ್ಟ ತಗಡಿನ ಕೊಳಲು ಅದು. ಚೆಂದದ ಹೆಸರೇ, ಆದರೆ ಸೆಕೆಂಡ್ ಹ್ಯಾಂಡ್ ಸುಖದ ಚುರುಕು ಹೋಯಿತು. ಅದೇ ಅನುವಾದದ ಒಂದು ಎಡವಟ್ಟು ಕೆನಡಾದಲ್ಲಿ ಇಂದಿಗೂ ಪ್ರಸಿದ್ಧ. 'ಪೂದ್ರ್‌ರಿ' ಎಂದರೆ ಕೆನಡಾದ ಫ್ರೆಂಚಿನಲ್ಲಿ ಗಾಳಿಗೆ ಹಿಟ್ಟಿನ ಹಾಗೆ ಹಾರುವ ಹಿಮ. ಫ್ರಾನ್ಸಿನ ಫ್ರೆಂಚಿನಲ್ಲಿ ಸಿಡಿಮದ್ದಿನ ಕಾರ್ಖಾನೆ. ಅನುವಾದಕಿ ಎರಡನೆಯದನ್ನು ಹಿಡಿದು, ಹಿಮಗಾಳಿ ಎದ್ದ ಕಡೆ ಸಿಡಿಮದ್ದಿನ ಕಾರ್ಖಾನೆಯನ್ನು ಸಿಡಿಸಿಬಿಟ್ಟರು. ಜನವರಿಯಲ್ಲಿ ವಿನಿಪೆಗ್ ಬೀದಿಯಲ್ಲಿ ಆ ಹಿಮ ಮುಖಕ್ಕೆ ಬಡಿಯುವಾಗ ನನಗೆ ಅನ್ನಿಸುವುದಿದೆ: ಒಂದು ನೆಲದ ಮಾತನ್ನು ದೂರದ ದೊಡ್ಡ ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ರುವಾಗೆ ಪ್ಯಾರಿಸಿನವರೆದುರೂ ಈ ಕಷ್ಟವಿತ್ತು. ಇಂಗ್ಲಿಷರ ನಡುವೆ ಆಕೆ ಫ್ರೆಂಚಳು, ಫ್ರೆಂಚರ ನಡುವೆ ಕೆನಡಾದವಳು, ಕೆಬೆಕ್‌ನವರ ನಡುವೆ ಪಶ್ಚಿಮದ ಬಯಲಿನವಳು.

ಪುಸ್ತಕ ಗೆದ್ದಿತು, ಎಣಿಕೆ ಮೀರಿ ಗೆದ್ದಿತು. ಅಮೆರಿಕದ ಲಿಟರರಿ ಗಿಲ್ಡ್ ಎಂಬ ಪುಸ್ತಕ ಕ್ಲಬ್ ಅದನ್ನು 1947ರ ಮೇ ತಿಂಗಳ ಪುಸ್ತಕವಾಗಿ ಆರಿಸಿ ಸುಮಾರು 7 ಲಕ್ಷ ಪ್ರತಿ ಅಚ್ಚು ಹಾಕಿತು. ಹಾಲಿವುಡ್ ಹಕ್ಕು ಕೊಂಡಿತು, ಸಿನಿಮಾ ಮಾಡಲಿಲ್ಲ. ಅದೇ ವರ್ಷ ಪ್ಯಾರಿಸಿನ ಫೆಮಿನಾ ಪ್ರಶಸ್ತಿ ಬಂತು, ಕೆನಡಾದವರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಕೆನಡಾದ ವಿದ್ವಾಂಸರ ಸಂಘವಾದ ರಾಯಲ್ ಸೊಸೈಟಿ ಈಕೆಯನ್ನು ಒಳಗೆ ಕರೆಯಿತು.

ಆದರೆ ಮೆಲಿನಾ ಇರಲಿಲ್ಲ. 1943ರ ಜೂನ್‌ನಲ್ಲಿ, ಪುಸ್ತಕ ಬರಲು ಎರಡು ವರ್ಷ ಮೊದಲೇ, ಆಕೆ ತೀರಿಕೊಂಡಿದ್ದಳು.

ಉಳಿದ ನಲವತ್ತು ವರ್ಷ

ಆಮೇಲಿನ ಬದುಕು ಹೊರಗಿನಿಂದ ನೋಡಿದರೆ ಹೆಚ್ಚು ಸದ್ದಿಲ್ಲದ್ದು. ಸ್ಯಾಂ-ಬೊನಿಫಾಸ್‌ನ ಡಾಕ್ಟರ್ ಮಾರ್ಸೆಲ್ ಕಾರ್ಬೊತ್‌ರನ್ನು 1947ರಲ್ಲಿ ಮದುವೆಯಾದಳು, ಮೂರು ವರ್ಷ ಫ್ರಾನ್ಸಿನಲ್ಲಿದ್ದಳು, 1952ರಿಂದ ಕೆಬೆಕ್ ನಗರ. ಬೇಸಿಗೆಗೆ ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ ಪೆತಿತ್-ರಿವಿಯೇರ್-ಸ್ಯಾಂ-ಫ್ರಾಂಸ್ವಾ ಎಂಬಲ್ಲಿ ಪುಟ್ಟ ಮನೆ. ಸಭೆ ಸಂದರ್ಶನಗಳಿಂದ ದೂರ. ಮೊದಲ ಪುಸ್ತಕದ ಹಾಗೇ ಇನ್ನೊಂದು ಬರೆಯಲಿ ಎಂದು ಎಲ್ಲರೂ ಕಾದರು, ಆಕೆ ಬರೆಯಲಿಲ್ಲ. ಬ್ಯಾಂಕಿನ ಪಂಜರದಲ್ಲಿ ಕೂತ ನಿದ್ದೆಯಿಲ್ಲದ ಗುಮಾಸ್ತನ ಕಥೆ 'ಅಲೆಕ್ಸಾಂದ್ರ್ ಶೆನ್‌ವೆರ್' ಬರೆದಳು. ಬಹಳ ಜನಕ್ಕೆ ಅದು ಮಂಕು ಪುಸ್ತಕ, ನನಗೆ ಅದರ ಮೇಲೆ ತುಂಬ ಗೌರವ. ಮನಸ್ಸು ಮಾತ್ರ ಮತ್ತೆ ಮತ್ತೆ ಮ್ಯಾನಿಟೋಬಾಗೇ ಓಡುತ್ತಿತ್ತು.

1950ರ 'ಲಾ ಪೆತಿತ್ ಪೂಲ್ ದೋ' ಕಾದಂಬರಿಯಲ್ಲಿ ಲುಜಿನಾ ಎಂಬ ತಾಯಿಯಿದ್ದಾಳೆ. ಉತ್ತರದ ನೀರು ಸುತ್ತಿದ ನಡುಗಡ್ಡೆಯಲ್ಲಿ ಅವಳದೊಂದೇ ಮನೆ. ಮಕ್ಕಳಿಗೆ ಓದು ಬರಬೇಕೆಂದು ಸರ್ಕಾರಕ್ಕೆ ಕಾಗದ ಬರೆದು, ಅಲ್ಲಿಗೆ ಶಾಲೆ ತರಿಸುತ್ತಾಳೆ, ಟೀಚರನ್ನೂ ತರಿಸುತ್ತಾಳೆ. ಮಕ್ಕಳು ಚೆನ್ನಾಗಿಯೇ ಓದುತ್ತವೆ. ಓದಿದ್ದರಿಂದಲೇ ಒಂದೊಂದಾಗಿ ದಕ್ಷಿಣದ ಪಟ್ಟಣಗಳಿಗೆ ಹೊರಟುಹೋಗುತ್ತವೆ. ಲುಜಿನಾಳಿಗೆ ಉಳಿಯುವುದು ಟಪಾಲು. ನನ್ನ ಅಮ್ಮ ತನ್ನ ಬಳೆ ಒತ್ತೆಯಿಟ್ಟು ನನ್ನನ್ನು ಇಂಜಿನಿಯರಿಂಗ್ ಓದಿಸಿದವಳು. ಈ ಪುಸ್ತಕದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಕೊನೆಗೆ, 1970ರ ದಶಕದ ನಡುವಿನಿಂದ, ಆತ್ಮಕಥೆ. ಸೇತುವೆಯ ಟ್ರಾಮಿನಿಂದ ಶುರುವಾದದ್ದು 1939ರ ಮಾಂಟ್ರಿಯಲ್‌ವರೆಗೆ ಬಂತು. ಆಕೆ ಅದನ್ನು ಬರೆಯುತ್ತಿದ್ದ ಕಾಲದಲ್ಲೇ ಸ್ಯಾಂ-ಬೊನಿಫಾಸ್‌ನಲ್ಲಿ ಜಾರ್ಜ್ ಫೊರೆ ಎಂಬ ವಿಮೆ ವ್ಯಾಪಾರಿ, ಇಂಗ್ಲಿಷಿನಲ್ಲಿ ಮಾತ್ರ ಬರೆದಿದ್ದ ಪಾರ್ಕಿಂಗ್ ದಂಡದ ಚೀಟಿಯನ್ನು ಒಪ್ಪದೆ ಕೋರ್ಟಿಗೆ ಹೋದರು. 1979ರಲ್ಲಿ ಸುಪ್ರೀಂ ಕೋರ್ಟು, ಫ್ರೆಂಚನ್ನು ಮ್ಯಾನಿಟೋಬಾದ ಶಾಸನಸಭೆ ಮತ್ತು ಕೋರ್ಟುಗಳಿಂದ ಹೊರಹಾಕಿದ್ದ 1890ರ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದಿತು. ತೊಂಬತ್ತು ವರ್ಷ ಹಿಡಿಯಿತು. ಮೆಲಿನಾಳಂಥ ಎಷ್ಟು ಹೆಂಗಸರು ಆ ತೊಂಬತ್ತು ವರ್ಷ ಕೈಸನ್ನೆಯಲ್ಲೇ ಸಾಮಾನು ಕೊಂಡಿರಬೇಕು.

ಆತ್ಮಕಥೆಯ ಮುಂದಿನ ಭಾಗ ಪೂರ್ತಿಯಾಗಲಿಲ್ಲ. ಸಿಕ್ಕಷ್ಟು ಹಾಳೆಗಳು 1997ರಲ್ಲಿ 'ನನಗೆ ಸಾಲದೆ ಹೋದ ಕಾಲ' ಎಂಬ ಅರ್ಥದ ಹೆಸರಿನಲ್ಲಿ ಬಂದವು. ಅದು ಆರಂಭವಾಗುವುದು 1943ರಲ್ಲಿ ಅಮ್ಮ ಹೋದ ಸುದ್ದಿ ತಂದ ತಂತಿಯಿಂದ, ಅಮ್ಮನ ಮಣ್ಣಿಗೆಂದು ಮಾಂಟ್ರಿಯಲ್‌ನಿಂದ ಹತ್ತಿದ ರೈಲಿನಿಂದ. ಅಮ್ಮನಿಗೆ ಏನಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಬೇಕು ಎಂದು ಮಗಳು ಓಡುತ್ತಲೇ ಇದ್ದಳು, ತಲುಪಲಿಲ್ಲ. ರುವಾ 1983ರ ಜುಲೈ 13ರಂದು ಕೆಬೆಕ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆತ್ಮಕಥೆ ಅಚ್ಚಾದದ್ದು ಮರುವರ್ಷ.

ಅಟ್ಟದ ಕಿಟಕಿ

ಅಂಗಡಿಯ ಘಟನೆಯಾದ ಎರಡು ವಾರಕ್ಕೆ ಅಮ್ಮನನ್ನು ದೆಶಾಂಬೊ ಬೀದಿಯ ಮನೆಗೆ ಕರೆದುಕೊಂಡು ಹೋದೆ. ಈಗ ಅದು ಮ್ಯೂಸಿಯಂ. ಬೆಳಕು ಚೆಲ್ಲಿದ ಜಗಲಿ, ಕಂಬಗಳು, ಒಳಗೆ ಹೊಲಿಗೆ ಯಂತ್ರ. ಅಮ್ಮ ಹೊಲಿಗೆ ಯಂತ್ರದ ಹತ್ತಿರ ಬಹಳ ಹೊತ್ತು ನಿಂತಳು. ಆಮೇಲೆ ಅಟ್ಟ ಹತ್ತಿದೆವು. ರುವಾಳ ಕಥೆಯೊಂದರಲ್ಲಿ ಕ್ರಿಸ್ತೀನ್ ಎಂಬ ಹುಡುಗಿ ಈ ಅಟ್ಟದ ಕಿಟಕಿಯಿಂದ ಕೊಳಗಳ ಕಪ್ಪೆಗಳ ಕೂಗು ಕೇಳುತ್ತ ಲೇಖಕಿಯಾಗುವ ನಿರ್ಧಾರ ಮಾಡುತ್ತಾಳೆ. ತಾಯಿ ಹೆದರುತ್ತಾಳೆ. ಬರೆಯುವುದೆಂದರೆ ತನ್ನನ್ನು ಎರಡಾಗಿ ಸೀಳಿಕೊಂಡ ಹಾಗೆ, ಒಬ್ಬಳು ಬದುಕಲು ನೋಡುತ್ತಾಳೆ, ಇನ್ನೊಬ್ಬಳು ನಿಂತು ಅದನ್ನು ನೋಡುತ್ತಾಳೆ ಎಂದು ಎಚ್ಚರಿಸುತ್ತಾಳೆ. ಇದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕಿಟಕಿಯ ಚೌಕಟ್ಟು ಹಿಡಿದು ಹೊರಗೆ ಇಣುಕಿದಳು. ಕೊಳ ಇಲ್ಲ, ಮನೆಗಳ ಸೂರು, ಎಲ್ಮ್ ಮರಗಳು.

"ಇಷ್ಟೆಲ್ಲ ಬರೆದಳಲ್ಲ, ಅವರಮ್ಮ ಓದಿದ್ಳಾ?" ಅಂದಳು.

"ಇಲ್ಲಮ್ಮ. ಮೊದಲನೇ ಪುಸ್ತಕ ಬರೋದಕ್ಕೆ ಎರಡು ವರ್ಷ ಮುಂಚೆ ಹೋಗ್ಬಿಟ್ಳು."

ಅಮ್ಮ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ನಡೆದಳು. ನಾಲ್ಕು ಮೆಟ್ಟಿಲು ಇಳಿದವಳು ಅಲ್ಲಿಂದ ಕೂಗಿದಳು, ಕೆಳಗೆ ಬಾಗಿಲ ಬಳಿ ಟಿಕೆಟ್ ಕೊಡುತ್ತಿದ್ದ ಹುಡುಗಿ ತಲೆ ಎತ್ತಿ ನೋಡುವಷ್ಟು ಜೋರಾಗಿ: "ನೋಡ್ಕೊಂಡು ಇಳಿಯೇ, ಮೆಟ್ಲು ಕಡಿದಾಗಿದೆ!"

"ಬಂದೆ ಇರಮ್ಮಾ!" ಎಂದು ನಾನೂ ಅಟ್ಟದಿಂದಲೇ ಕೂಗಿದೆ.